ಅಜ್ಜಿಯ ನೆಬ್ಯುಲೈಸರ್ ಮತ್ತು ನನ್ನ ಫೈರ್‌ವಾಲ್

ಮೊದಲೇ ಹೇಳಿಬಿಡ್ತೀನಿ, ಇದು ಅರ್ಧ ಟೆಕ್ನಿಕಲ್ ಬರಹ, ಅರ್ಧ ತಪ್ಪೊಪ್ಪಿಗೆ. ವ್ಯಾಟು, ಆಂಪಿಯರು ಅಂದ್ರೆ ಆಕಳಿಕೆ ಬರೋರು ಅಜ್ಜಿ ಬರೋ ಜಾಗ ಮಾತ್ರ ಓದ್ಕೊಳ್ಳಿ, ಬೇಜಾರಿಲ್ಲ :)

ನಮ್ಮೂರು ಶ್ರೀನಿವಾಸಪುರ. ಮಾವಿನಹಣ್ಣು ಅಂದ್ರೆ ಸಾಕು, ಊರು ಯಾವ ಕಡೆ ಅಂತ ಎಲ್ರಿಗೂ ಗೊತ್ತಾಗುತ್ತೆ. ವಾರದಲ್ಲಿ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಎರಡು ವರ್ಷದ ಹಿಂದೆ ಅಪ್ಪ ಗೇಟಿಗೊಂದು, ಮನೆ ಹಿಂದಿನ ತೋಟಕ್ಕೊಂದು ಕ್ಯಾಮೆರಾ ಹಾಕಿಸಿದ್ರು. ಹಾಕಿದ ಹುಡುಗ ಪಾಸ್‌ವರ್ಡ್ ಕೂಡ ಬದಲಾಯಿಸದೆ ಹೋಗಿದ್ದ. 2016ರಲ್ಲಿ ಮಿರಾಯ್ ಅನ್ನೋ ಬಾಟ್‌ನೆಟ್ ಇಂಥ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನ ಕಾರ್ಖಾನೆ ಪಾಸ್‌ವರ್ಡಿನಿಂದಲೇ ಹಿಡ್ಕೊಂಡು, ಆ ವರ್ಷ ಅಕ್ಟೋಬರ್ 21ಕ್ಕೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಸೈಟುಗಳೇ ತೆರೀದ ಹಾಗೆ ಮಾಡಿತ್ತು. ನಮ್ಮನೆ ಮಾವಿನ ಮರ ಕಾಯೋ ಕ್ಯಾಮೆರಾ ಆ ಸೈನ್ಯಕ್ಕೆ ಸೇರೋದು ಬೇಡ, ಅದೂ ನನ್ನ ಆಫೀಸ್ ಲ್ಯಾಪ್‌ಟಾಪ್ ಇರೋ ನೆಟ್‌ವರ್ಕಲ್ಲೇ ಕೂತು ಬೇಡ ಅಂತ ಫೈರ್‌ವಾಲ್ ಹಾಕೋಕೆ ಹೊರಟೆ.

ಕೈಯಲ್ಲಿದ್ದದ್ದು ಮಾಲೂರಿನ ಚಿಕ್ಕಪ್ಪ ಕೊಟ್ಟ ಹಳೇ ಕೋರ್ 2 ಡುಯೋ ಡೆಸ್ಕ್‌ಟಾಪ್. ಮಾಲೂರಿನ ಇಟ್ಟಿಗೆ, ಹೆಂಚಿನ ಧೂಳು ಕುಡಿದೇ ಬೆಳೆದದ್ದು. ಬಿಚ್ಚಿದ್ರೆ ಒಳಗಿನ ಫ್ಯಾನು ಕೆಂಪು ಕೆಂಪು. ಒರೆಸಿ, ಇನ್ನೊಂದು ನೆಟ್‌ವರ್ಕ್ ಕಾರ್ಡ್ ತುರುಕಿ, ಪಿಎಫ್‌ಸೆನ್ಸ್ ಹಾಕಿದೆ. ಎಷ್ಟು ಚೆನ್ನಾಗಿ ಓಡ್ತು ಅಂತೀರಾ! ಗ್ರಾಫು ನೋಡ್ಕೊಂಡು ಕೂತ್ರೆ ಊಟ ಮರೆತುಹೋಗ್ತಿತ್ತು. ಖರ್ಚು ಸೊನ್ನೆ ಅಂತ ಗೆಳೆಯರ ಹತ್ರ ಜಂಬ ಬೇರೆ.

ಸೊನ್ನೆ ಆಗಿರ್ಲಿಲ್ಲ. ಗೃಹಜ್ಯೋತಿಯಲ್ಲಿ ನಮ್ಮನೆಗೆ ಸಿಗೋ ಯೂನಿಟ್ ಮೀರಿ ತಿಂಗಳು ತಿಂಗಳು ಬಿಲ್ ಬರೋಕೆ ಶುರುವಾಯ್ತು. ಅಪ್ಪ ಫ್ರಿಜ್ ಮೇಲೆ ಅನುಮಾನ ಪಟ್ಟು ಅದರ ರಬ್ಬರ್ ಬದಲಾಯಿಸಿದ್ರು. ನಾನು ಸುಮ್ಮನಿದ್ದೆ. ನಿಜವಾಗ್ಲೂ ನನಗೆ ಹೊಳೆದಿರ್ಲಿಲ್ಲ.

ಹೊಳೆದದ್ದು ಕಳೆದ ಮೇ ತಿಂಗಳ ಒಂದು ರಾತ್ರಿ. ಗಾಳಿ ಮಳೆ, ಕಾಯಿ ಉದುರೋ ಸದ್ದು, ಒಂಬತ್ತೂವರೆಗೆ ಕರೆಂಟ್ ಹೋಯ್ತು. ಒಂದೂಕಾಲಿನ ಹೊತ್ತಿಗೆ ಇನ್ವರ್ಟರ್ ಕೀ ಕೀ ಅಂತ ಕಿರುಚಿ ಆಫ್ ಆಯ್ತು. ಒಂದೂಮುಕ್ಕಾಲಿಗೆ ಅಜ್ಜಿಗೆ ಉಬ್ಬಸ. ನೆಬ್ಯುಲೈಸರ್ ಇದೆ, ಔಷಧಿ ಇದೆ, ಕರೆಂಟ್ ಇಲ್ಲ. ಅಮ್ಮ ಟಾರ್ಚ್ ಹಿಡಿದು ಇನ್ಹೇಲರ್ ಹುಡುಕಿದ್ರು. ಅಜ್ಜಿನ ಜಗುಲಿಗೆ ಕೂರಿಸಿ ಪಫ್ ಕೊಟ್ಟು, ನಾನು ನ್ಯೂಸ್‌ಪೇಪರ್ ಬೀಸ್ತಾ ಕೂತೆ. ಒಂದೊಂದು ಉಸಿರಿಗೂ ಅವರ ಭುಜ ಮೇಲೇಳ್ತಿತ್ತು. ಎರಡೂಕಾಲಿಗೆ ಕರೆಂಟ್ ಬಂತು. ಬಂದ ತಕ್ಷಣ ಮೊದಲು ಬೀಪ್ ಅಂದದ್ದು ಯಾವುದು ಹೇಳಿ? ರೂಮಿನಲ್ಲಿದ್ದ ನನ್ನ ಫೈರ್‌ವಾಲ್. ಆಗ ತಲೇಲಿ ಲೆಕ್ಕ ಓಡ್ತು.

ಮಾರನೇ ದಿನ ಕೋಲಾರಕ್ಕೆ ಹೋಗಿ ಪ್ಲಗ್ಗಿಗೆ ಹಾಕೋ ವ್ಯಾಟ್ ಮೀಟರ್ ತಂದೆ. 68 ವ್ಯಾಟ್, ಏನೂ ಕೆಲಸ ಇಲ್ಲದಾಗಲೂ. ಅಂದ್ರೆ ತಿಂಗಳಿಗೆ 49 ಯೂನಿಟ್. ಇನ್ನು ಇನ್ವರ್ಟರ್ ಲೆಕ್ಕ. 12 ವೋಲ್ಟು, 150 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಹಳೇ ಬ್ಯಾಟರಿ, ಅರ್ಧ ಸಿಕ್ಕರೆ ಪುಣ್ಯ. ಎರಡು ಫ್ಯಾನು, ಲೈಟು ಸೇರಿ 170 ವ್ಯಾಟ್. ಅದೊಂದೇ ಇದ್ದಿದ್ರೆ ಐದು ಗಂಟೆ ದಾಟಿ ಬರ್ತಿತ್ತು, ಎರಡೂವರೆವರೆಗೂ. ನನ್ನ 68 ಸೇರಿ ಮೂರೂಮುಕ್ಕಾಲಿಗೇ ಮುಗೀತು. ಎಲ್ರೂ ಮಲಗಿದ್ದಾಗ, ನೋಡೋರಿಲ್ಲದ ಎರಡು ಕ್ಯಾಮೆರಾ ಕಾಯೋಕೆ ಅಜ್ಜಿ ಉಸಿರಿನ ಕರೆಂಟು ಖರ್ಚಾಗಿತ್ತು.

(1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದದ್ದು ನಮ್ಮ ಕೆಜಿಎಫ್ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಕೋಲಾರ ಜಿಲ್ಲೆಯೋರು ಕರೆಂಟ್ ಹೋದಾಗಲೆಲ್ಲ ಇದನ್ನ ಹೇಳ್ತೀವಿ. ಕತ್ತಲಲ್ಲಿ ಹೇಳೋಕೆ ಚೆನ್ನಾಗಿರುತ್ತೆ.)

ಡೆಸ್ಕ್‌ಟಾಪ್ ಅವತ್ತೇ ಆಫ್. ಬದಲಿಗೆ ಏನು? ಮುಳಬಾಗಿಲಿನಲ್ಲಿರೋ ನನ್ನ ಇಂಜಿನಿಯರಿಂಗ್ ಗೆಳೆಯನ ಮನೇಲಿ ಇಂಟೆಲ್ ಎನ್100 ಡಬ್ಬ ಇದೆ, ಫ್ಯಾನ್ ಇಲ್ಲದ್ದು, ನಾಲ್ಕು ನೆಟ್‌ವರ್ಕ್ ಪೋರ್ಟು. ಒಂದು ಭಾನುವಾರ ಮೀಟರ್ ಹಿಡ್ಕೊಂಡೇ ಹೋದೆ. (ಮುಳಬಾಗಿಲು ದೋಸೆ ತಿನ್ನೋಕೆ ನೆಪ ಬೇಕಿತ್ತು ಅನ್ನೋದೂ ನಿಜ.) ಚಿಪ್ಪಿನ ಮೇಲೆ 6 ವ್ಯಾಟ್ ಅಂತ ಇಂಟೆಲ್ ಹೇಳುತ್ತೆ, ಆದ್ರೆ ಅದು ಬರೀ ಪ್ರೊಸೆಸರ್ ಮಾತು. ಮೆಮೊರಿ, ಎಸ್‌ಎಸ್‌ಡಿ, ಪೋರ್ಟು, ಅಡಾಪ್ಟರಿನ ನಷ್ಟ ಎಲ್ಲ ಸೇರಿ ಗೋಡೆ ಹತ್ರ 11 ತೋರಿಸ್ತು. ಡಬ್ಬಿ ಮೇಲಿನ ನಂಬರ್ ನೋಡಿ ಕೊಳ್ಳಬೇಡಿ.

ಆಸೆ ಆಯ್ತು. ಪಿಎಫ್‌ಸೆನ್ಸ್ ಬಿಡೋಕೆ ಮನಸ್ಸಿರ್ಲಿಲ್ಲ, ನಾವೇ ಹಾಕ್ಕೊಳ್ಳೋ ಮೆಷಿನ್ನಿಗೆ ಅದು ಇಂಟೆಲ್, ಎಎಂಡಿ ಪ್ರೊಸೆಸರೇ ಕೇಳುತ್ತೆ. ಅಂದ್ರೆ ಸಾಫ್ಟ್‌ವೇರ್ ಹಠವೇ ಹಾರ್ಡ್‌ವೇರ್ ಆರಿಸುತ್ತೆ. ಮೊದಲೆಲ್ಲ ಇದಕ್ಕೆ ಪಿಸಿ ಇಂಜಿನ್ಸ್ ಅನ್ನೋ ಸ್ವಿಸ್ ಕಂಪನಿಯ ಪುಟ್ಟ ಎಎಂಡಿ ಬೋರ್ಡುಗಳಿದ್ವು, ಐದಾರು ವ್ಯಾಟು ಅಷ್ಟೇ. ಅವರೂ 2023ರಲ್ಲಿ ನಿಲ್ಲಿಸ್ತೀವಿ ಅಂತ ಹೇಳಿಬಿಟ್ರು. ಆದ್ರೆ ನಮ್ಮನೆ ಫೈಬರ್ 100 ಎಂಬಿಪಿಎಸ್. ಅದಕ್ಕೆ ಎನ್100 ಅಂದ್ರೆ ಒಂದು ಚೀಲ ಮಾವಿನಕಾಯಿ ಸಾಗಿಸೋಕೆ ಲಾರಿ ಬಾಡಿಗೆ ಹಿಡಿದ ಹಾಗೆ.

ಕೊನೆಗೆ ತಂದದ್ದು ನ್ಯಾನೋಪೈ ಆರ್2ಎಸ್. ಆರ್‌ಕೆ3328 ಚಿಪ್ಪು, 1 ಜಿಬಿ ಮೆಮೊರಿ, ಎರಡು ಗಿಗಾಬಿಟ್ ಪೋರ್ಟು. ಒಂದು ಪೋರ್ಟು ಒಳಗೊಳಗೇ ಯುಎಸ್‌ಬಿ ಮೂಲಕ ಬರುತ್ತೆ, ಶುದ್ಧಾಚಾರದವರಿಗೆ ಇಷ್ಟ ಆಗಲ್ಲ. ವೈಫೈ ಇಲ್ಲ, ಫೈಬರ್ ಡಬ್ಬಿಯ ಬಳಿಕ ಹಳೇ ರೂಟರನ್ನೇ ಅದಕ್ಕೆ ಬಿಟ್ಟಿದೀನಿ. ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಕ್ಯಾಮೆರಾಗಳನ್ನ ಬೇರೆ ನೆಟ್‌ವರ್ಕಿಗೆ ತಳ್ಳಿ, ಹೊರಗೆ ಮಾತಾಡೋದು ಬಂದ್ ಮಾಡಿದೆ. ಆಫೀಸಿಂದ ತೋಟ ನೋಡೋಕೆ ವೈರ್‌ಗಾರ್ಡ್. ಅದರ ಚಾಚಾ20 ಗೂಢಲಿಪಿಗೆ ಎಇಎಸ್ ಹಾರ್ಡ್‌ವೇರ್ ಏನೂ ಬೇಡ, ಬಡ ಪ್ರೊಸೆಸರಿನಲ್ಲೂ ಆರಾಮಾಗಿ ಓಡುತ್ತೆ. ಮೀಟರಿನಲ್ಲಿ 3 ವ್ಯಾಟ್. ಗ್ರಾಫುಗಳು ಮೊದಲಿನಷ್ಟು ಚಂದ ಇಲ್ಲ, ಒಪ್ಕೋತೀನಿ.

ಆದ್ರೆ ನನಗೆ ಮುಖ್ಯವಾದದ್ದು 3 ಅಲ್ಲ, 5 ವೋಲ್ಟು. ಡಿಸಿಯಲ್ಲೇ ಓಡೋದ್ರಿಂದ ಇನ್ವರ್ಟರ್ ಸಹವಾಸವೇ ಬೇಡ. 5, 9, 12 ವೋಲ್ಟ್ ಮೂರೂ ಕೊಡೋ ಮಿನಿ ಯುಪಿಎಸ್ ತಂದೆ, ಒಳಗೆ 30 ವ್ಯಾಟ್ ಅವರ್ ಬ್ಯಾಟರಿ. ಇದೂ ಫೈಬರ್ ಡಬ್ಬಿಯೂ ಸೇರಿ 10 ವ್ಯಾಟ್, ಎರಡೂವರೆ ಗಂಟೆ ಬರುತ್ತೆ. ಎನ್100 ಆಗಿದ್ರೆ ಒಂದೂವರೆ. ಅದು ಮುಗಿದ್ರೆ ನೆಟ್ ಹೋಗುತ್ತೆ, ಹೋಗ್ಲಿ. ಇನ್ವರ್ಟರಿನಲ್ಲಿ ಈಗ ನನ್ನದು ಅಂತ ಏನೂ ಇಲ್ಲ.

ಅಪ್ಪನಿಗೆ ಫ್ರಿಜ್ ವಿಷಯ ಹೇಳಿದೆ. ರಬ್ಬರಿನ ದುಡ್ಡು ಕೊಡು ಅಂದ್ರು, ಕೊಟ್ಟೆ. ಅಜ್ಜಿಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿರೋ ಆ ಡಬ್ಬಿ ತೋರಿಸಿ ನಡೆದದ್ದೆಲ್ಲ ಹೇಳಿದೆ. ನಮ್ಮ ಕಡೆ ಬೈಗುಳ ಯಾವಾಗ್ಲೂ ತೆಲುಗಲ್ಲೇ. "ಏಮ್ರಾ ಇದಿ?" ಅಂತ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, "ಅವತ್ತೇ ಆ ದೊಡ್ಡ ಪೆಟ್ಟಿಗೆ ಆಫ್ ಮಾಡೋಕೆ ಏನಾಗಿತ್ತೋ?" ಅಂದ್ರು. ಉತ್ತರ ಇರ್ಲಿಲ್ಲ. ಆ ರಾತ್ರಿ ಇನ್ವರ್ಟರ್ ಕಿರುಚುವಾಗ ನಾನು ಎದ್ದೇ ಇದ್ದೆ, ನೆಟ್ ಕಟ್ ಆಗುತ್ತಲ್ಲ ಅಂತ ಯೋಚಿಸ್ತಿದ್ದೆ.