ನಕ್ಷತ್ರಗಳ ನಡುವಣ ದಾರಿ

ಆಕಾಶದಲ್ಲಿ ಬೇರೆ ಲೋಕಗಳುಂಟೆಂಬ ನಂಬಿಕೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಪುರಾಣಗಳಲ್ಲಿ ಹದಿನಾಲ್ಕು ಲೋಕಗಳಿವೆ. ಅಲ್ಲಿಂದ ನಾರದರು ಇಳಿದು ಬರುವುದೂ ಇಲ್ಲಿಯ ಅರಸರು ಅಲ್ಲಿಗೆ ಹೋಗಿ ಬರುವುದೂ ನೆರೆಯೂರಿನ ಪ್ರಯಾಣದಷ್ಟೇ ಸರಾಗವಾಗಿ ನಡೆಯುತ್ತವೆ. ಈಗಿನ ಕಾದಂಬರಿಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ವಾಹನ ಬದಲಾಗಿದೆ. ಸರಾಗವು ಹಾಗೆಯೇ ಉಳಿದಿದೆ. ಅನ್ಯಲೋಕದವರು ಬಂದರೆಂದು ಹೇಳುವವರು ಅವರ ರೂಪವನ್ನೂ ಆಯುಧವನ್ನೂ ವಿಸ್ತಾರವಾಗಿ ವರ್ಣಿಸುವರು. ಅವರು ನಡೆದು ಬಂದ ದಾರಿಯನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. 1995ರಿಂದ ಈಚೆಗೆ ಸೂರ್ಯನಂಥ ಬೇರೆ ನಕ್ಷತ್ರಗಳ ಸುತ್ತಲೂ ಗ್ರಹಗಳು ತಿರುಗುತ್ತಿರುವುದು ಖಚಿತವಾಗಿದೆ. ಅವುಗಳ ಎಣಿಕೆ ಇಂದು ಸಾವಿರಗಳನ್ನು ಮುಟ್ಟಿದೆ. ಅಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದಾರೆಯೇ ಎಂಬುದಕ್ಕೆ ಉತ್ತರ ಇನ್ನೂ ದೊರೆತಿಲ್ಲ. ಇದ್ದರೆ ಅವರು ಇಲ್ಲಿಯವರೆಗೆ ಬರಬಲ್ಲರೇ ಎಂಬುದನ್ನು ಮಾತ್ರ ಕೊಂಚ ಲೆಕ್ಕ ಹಾಕಿ ನೋಡಬಹುದು. ಏಕೆಂದರೆ ಅವರ ಮೈಯೂ ಮನಸ್ಸೂ ಹೇಗೆಯೇ ಇರಲಿ, ದೂರವೂ ವೇಗದ ನಿಯಮಗಳೂ ಅವರಿಗೂ ನಮಗೂ ಒಂದೇ.

ಸೂರ್ಯನನ್ನು ಬಿಟ್ಟರೆ ಭೂಮಿಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವ ಬೆಳಕಿಗೆ ಅಲ್ಲಿಂದ ಇಲ್ಲಿಗೆ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಕಿಲೋಮೀಟರುಗಳಲ್ಲಿ ಹೇಳುವುದಾದರೆ ಈ ದೂರ ಸುಮಾರು 40 ಲಕ್ಷ ಕೋಟಿ. ಇಂಥ ಅಂಕಿಗೆ ಬುದ್ಧಿ ತಲೆದೂಗಬಹುದು; ಕಲ್ಪನೆಗೆ ಅದು ನಿಲುಕುವುದಿಲ್ಲ. ಆದುದರಿಂದ ಮನುಷ್ಯನ ಕೈಯಿಂದಲೇ ಹೊರಟ ಒಂದು ವಸ್ತುವಿನ ನಡಿಗೆಯಿಂದ ಇದನ್ನು ಅಳೆಯುವುದು ಮೇಲು. 1977ರ ಸೆಪ್ಟೆಂಬರ್ 5ರಂದು ಅಮೆರಿಕ ದೇಶದವರು ವಾಯೇಜರ್ 1 ಎಂಬ ನೌಕೆಯನ್ನು ಹಾರಿಸಿದರು. ಅದು ಗುರು ಶನಿ ಗ್ರಹಗಳ ಬಳಿ ಸುಳಿದು, ಅವುಗಳ ಆಕರ್ಷಣೆಯಿಂದಲೇ ವೇಗವನ್ನು ಹೆಚ್ಚಿಸಿಕೊಂಡು, 2012ರಲ್ಲಿ ಸೂರ್ಯನ ಕಣಗಳ ಗಾಳಿ ಬೀಸುವ ಎಲ್ಲೆಯನ್ನು ದಾಟಿತು. ಅದರ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಈ ವೇಗದಲ್ಲಿ ಬೆಂಗಳೂರನ್ನು ಬಿಟ್ಟವನು ಹತ್ತು ಸೆಕೆಂಡಿನೊಳಗಾಗಿ ಮೈಸೂರಿನಲ್ಲಿರುವನು. ಹೀಗೆ ಅರ್ಧ ಶತಮಾನದಷ್ಟು ಕಾಲ ಓಡಿ ಅದು ಸವೆಸಿರುವ ದಾರಿ, ಬೆಳಕು ಸುಮಾರು ಒಂದು ದಿನದಲ್ಲಿ ಸವೆಸುವಷ್ಟು. ಪ್ರಾಕ್ಸಿಮಾದ ಕಡೆಗೇ ಮುಖಮಾಡಿದ್ದರೂ ಅಲ್ಲಿಗೆ ಸೇರಲು ಅದಕ್ಕೆ ಸುಮಾರು 75,000 ವರ್ಷ ಹಿಡಿಯುತ್ತಿತ್ತು. ಮನುಷ್ಯನು ಉತ್ತು ಬಿತ್ತಲು ಕಲಿತು ಕಳೆದಿರುವುದು ಹನ್ನೆರಡು ಸಾವಿರ ವರ್ಷದ ಸುಮಾರು.

ವೇಗವನ್ನು ಹೆಚ್ಚಿಸಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಬೆಳಕಿನ ವೇಗವನ್ನು ಮುಟ್ಟುವುದು ಯಾವ ಜಡವಸ್ತುವಿಗೂ ಸಾಧ್ಯವಿಲ್ಲವೆಂದು 1905ರಲ್ಲಿ ಐನ್‌ಸ್ಟೈನರ ಸಿದ್ಧಾಂತವು ತೋರಿಸಿಕೊಟ್ಟಿತು. ಆದರೆ ಅದರ ಹತ್ತನೆಯ ಒಂದು ಪಾಲಿಗೆ ನಿಸರ್ಗದ ನಿಷೇಧವೇನೂ ಇಲ್ಲ. ಇರುವುದು ಖರ್ಚಿನ ಮಾತು. ಒಂದು ಕಿಲೋಗ್ರಾಂ ತೂಕದ ವಸ್ತುವಿಗೆ ಆ ವೇಗವನ್ನು ಕೊಡಲು ಬೇಕಾಗುವ ಶಕ್ತಿ 12 ಕೋಟಿ ಯೂನಿಟ್ಟು ವಿದ್ಯುತ್ತಿಗಿಂತಲೂ ಹೆಚ್ಚು. ಎಂದರೆ ತಿಂಗಳಿಗೆ 100 ಯೂನಿಟ್ಟು ಉರಿಸುವ ಒಂದು ಲಕ್ಷ ಮನೆಗಳಿಗೆ ಒಂದು ವರ್ಷಕ್ಕೆ ಸಾಲುವಷ್ಟು. ಪ್ರಯಾಣಿಕನೂ ಅವನ ಬುತ್ತಿಯೂ ನೀರೂ ಗಾಳಿಯೂ ಒಂದು ಕಿಲೋಗ್ರಾಮಿನಲ್ಲಿ ಮುಗಿಯತಕ್ಕವಲ್ಲ. ಮೇಲಾಗಿ, ಊರು ಬಂದಾಗ ನಿಲ್ಲಬೇಕಾದರೆ ಅಷ್ಟೇ ವೇಗವನ್ನು ಮತ್ತೆ ಕಳೆಯಬೇಕು. ಅದಕ್ಕೆ ಬೇಕಾದ ಇಂಧನವನ್ನು ಮೊದಲಿನಿಂದಲೂ ಹೊತ್ತುಕೊಂಡೇ ಬರಬೇಕು. 1973ರಿಂದ 1978ರವರೆಗೆ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯ ಸದಸ್ಯರು ಡೀಡಲಸ್ ಎಂಬ ನೌಕೆಯೊಂದನ್ನು ಕಾಗದದ ಮೇಲೆ ರಚಿಸಿದರು. ಸುಮಾರು ಆರು ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರವನ್ನು ಅದು ಐವತ್ತು ವರ್ಷಗಳಲ್ಲಿ ಮುಟ್ಟಬೇಕು. ಅದಕ್ಕೆ ಬೇಕೆಂದು ಕಂಡ ಇಂಧನ 50,000 ಟನ್ನು. ಇಷ್ಟಾಗಿಯೂ ಅದರಲ್ಲಿ ಮನುಷ್ಯರಿಗೆ ಸ್ಥಳವಿರಲಿಲ್ಲ; ನಕ್ಷತ್ರದ ಬಳಿ ನಿಲ್ಲುವ ಉಪಾಯವೂ ಇರಲಿಲ್ಲ. ದಾರಿಯಲ್ಲಿನ ಧೂಳಿನ ಭಯ ಬೇರೆ. ಆ ವೇಗದಲ್ಲಿ ಒಂದು ಮಿಲಿಗ್ರಾಂ ತೂಕದ ಕಣ ಬಡಿದರೂ ನೂರು ಕಿಲೋಗ್ರಾಂ ಸಿಡಿಮದ್ದು ಸಿಡಿದಂತೆ.

ಇಷ್ಟನ್ನು ಕೇಳಿ, ಬರುವುದು ಅಸಾಧ್ಯವೆಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಇದಕ್ಕೆ ಪ್ರತಿಯಾದ ಲೆಕ್ಕವೂ ಒಂದುಂಟು. 1950ರ ಬೇಸಗೆಯಲ್ಲಿ, ಅಮೆರಿಕದ ಲಾಸ್ ಅಲಮೋಸಿನಲ್ಲಿ, ಎನ್ರಿಕೊ ಫೆರ್ಮಿ ಎಂಬ ಸುಪ್ರಸಿದ್ಧ ಭೌತವಿಜ್ಞಾನಿಯು ಮಧ್ಯಾಹ್ನದ ಊಟದ ನಡುವೆ, ಹಾಗಾದರೆ ಅವರೆಲ್ಲರೂ ಎಲ್ಲಿದ್ದಾರೆ ಎಂದು ಕೇಳಿದರಂತೆ. ಈ ಪ್ರಶ್ನೆಯನ್ನು 1975ರಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ವಾಂಸರು ವಾದವಾಗಿ ಬೆಳೆಯಿಸಿದರು. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕಿನ ಹತ್ತನೆಯ ಒಂದು ಪಾಲಿನ ವೇಗದಲ್ಲಿ ಎಲ್ಲಿಯೂ ತಂಗದೆ ನಡೆದರೆ ಇದನ್ನು 10 ಲಕ್ಷ ವರ್ಷಗಳಲ್ಲಿ ದಾಟಬಹುದು. ಆಕಾಶಗಂಗೆಯ ವಯಸ್ಸಾದರೋ 1300 ಕೋಟಿ ವರ್ಷದಷ್ಟು. ಅದರ ಆಯುಸ್ಸನ್ನು ಒಂದು ವರ್ಷವೆಂದಿಟ್ಟುಕೊಂಡರೆ ಈ ಪ್ರಯಾಣಕ್ಕೆ ಹಿಡಿಯುವುದು 40 ನಿಮಿಷ ಮಾತ್ರ. ನಕ್ಷತ್ರದಿಂದ ನಕ್ಷತ್ರಕ್ಕೆ ನೆಲಸುತ್ತ, ಬೆಳೆಯುತ್ತ, ನೂರುಪಾಲು ನಿಧಾನವಾಗಿ ಬಂದರೂ ಕಾಲಕ್ಕೆ ಕೊರತೆಯಿಲ್ಲ. ಬರಲು ಸಾಧ್ಯವಿದ್ದರೆ ಇಷ್ಟು ಹೊತ್ತಿಗೆ ಬಂದಿರಬೇಕಾಗಿತ್ತು, ಬಂದ ಗುರುತಿಲ್ಲ, ಆದುದರಿಂದ ಅವರೇ ಇಲ್ಲ ಎಂಬುದು ಹಾರ್ಟರ ನಿರ್ಣಯ.

ಈ ವಾದದಲ್ಲಿ ಅಂಕಿಗಳು ಸರಿಯಾಗಿವೆ. ಆದರೆ ಅದು ಪ್ರಯಾಣಿಕನ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ನಕ್ಷತ್ರಗಳ ನಡುವಣ ದಾರಿಯನ್ನು ದಾಟಿ ಬಂದ ವಸ್ತುಗಳು ಇಲ್ಲದೆ ಇಲ್ಲ. 2017ರಲ್ಲಿ, 2019ರಲ್ಲಿ, ಮತ್ತೆ 2025ರಲ್ಲಿ ಅಂಥ ಮೂರು ಪಿಂಡಗಳು ನಮ್ಮ ಸೂರ್ಯನ ಬಳಿ ಹಾದುಹೋದುದನ್ನು ಜ್ಯೋತಿರ್ವಿಜ್ಞಾನಿಗಳು ಕಂಡರು. ಅವು ಕಲ್ಲು ಹಿಮಗಳ ಸಹಜವಾದ ಮುದ್ದೆಗಳೆಂದು ಬಹುಮಂದಿಯ ಮತ. ಕಲ್ಲಿಗೆ ಹಸಿವಿಲ್ಲ, ಮುಪ್ಪಿಲ್ಲ, ಮನೆಯ ನೆನಪಿಲ್ಲ. ಆದುದರಿಂದ ಅದಕ್ಕೆ ದೂರವೂ ಇಲ್ಲ. ಜೀವವುಳ್ಳವರ ಪಾಡು ಹಾಗಲ್ಲ. ಸಾವಿರ ವರ್ಷದ ದಾರಿಗೆ ಊರಿಗೆ ಊರೇ ನೌಕೆಯೇರಿ ಹೊರಟಿತೆನ್ನೋಣ. ಹೊರಟವರು ತಲುಪುವುದಿಲ್ಲ, ತಲುಪಿದವರು ಹೊರಟವರಲ್ಲ. ನಡುವೆ ಮೂವತ್ತು ನಲವತ್ತು ತಲೆಮಾರುಗಳು ದಾರಿಯಲ್ಲಿಯೇ ಹುಟ್ಟಿ ದಾರಿಯಲ್ಲಿಯೇ ಸಾಯಬೇಕು. ಇನ್ನೂ ಹುಟ್ಟದಿರುವ ಮಕ್ಕಳ ಬಾಳನ್ನು ಅವರನ್ನು ಕೇಳದೆ ಹೀಗೆ ಒತ್ತೆಯಿಡುವ ಅಧಿಕಾರ ಯಾರಿಗುಂಟು? ವಿವೇಕವುಳ್ಳ ಜನಾಂಗವಾದರೆ ಈ ಒಂದು ಪ್ರಶ್ನೆಯೇ ಅವರನ್ನು ಬಂದರಿನಲ್ಲಿ ತಡೆದು ನಿಲ್ಲಿಸಬಹುದು.

ಬೆಳಕಿಗೆ ಸಮೀಪವಾದ ವೇಗದಲ್ಲಿ ಹೋಗುವವನಿಗೆ ಬೇರೊಂದು ತೊಡಕಿದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಬೆಳಕಿನ ವೇಗದಿಂದ 50 ಜ್ಯೋತಿರ್ವರ್ಷ ದೂರ ಹೋಗಿ ಬಂದವನಿಗೆ ಹದಿನಾಲ್ಕು ವರ್ಷ ಕಳೆದಿರುತ್ತದೆ. ಅವನ ಊರಿನಲ್ಲಿ ನೂರು ವರ್ಷ ಮೀರಿರುತ್ತದೆ. ಭಾಗವತವನ್ನು ಬಲ್ಲವರಿಗೆ ಇಲ್ಲಿ ಕಕುದ್ಮಿ ರಾಜನ ನೆನಪಾಗದಿರದು. ಮಗಳಾದ ರೇವತಿಗೆ ವರನನ್ನು ಕೇಳಲೆಂದು ಅವನು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯಲೆಂದು ಕ್ಷಣಕಾಲ ಕಾದನು. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ವಂಶಗಳ ಹೆಸರೂ ಅಳಿದಿತ್ತು. ಈ ಕಥೆಯಲ್ಲಿ ಐನ್‌ಸ್ಟೈನರ ಗಣಿತವನ್ನು ಹುಡುಕುವುದು ಎರಡಕ್ಕೂ ಅನ್ಯಾಯವಾದೀತು. ಆದರೆ ದೂರ ಹೋದವನಿಗೆ ಹಿಂದಿರುಗಲು ಮನೆಯಿರುವುದಿಲ್ಲವೆಂಬ ದುಃಖವನ್ನು ಕಥೆ ಹೇಳಿದವನು ಬಲ್ಲವನಾಗಿದ್ದನು. ಬಂದು, ಕಂಡು, ಮಾತನಾಡಿ, ತಿರುಗಿ ಹೋಗಿ ತನ್ನವರಿಗೆ ತಿಳಿಸುವವನನ್ನು ಅತಿಥಿಯೆನ್ನುವುದಾದರೆ, ಅಂಥ ಅತಿಥಿಯನ್ನು ನಕ್ಷತ್ರಗಳಿಂದ ನಿರೀಕ್ಷಿಸುವುದು ವ್ಯರ್ಥವೆಂದೇ ತೋರುವುದು.

ಬರಬಹುದಾದುದು ಕಳುಹಿಸಿದವರನ್ನು ಹಿಂದೆ ಬಿಟ್ಟ ಮಾತು, ಇಲ್ಲವೆ ಯಂತ್ರ. ಮನುಷ್ಯರು ಮಾಡಿರುವುದೂ ಅದನ್ನೇ. ವಾಯೇಜರ್ ನೌಕೆಯಲ್ಲಿ ಚಿನ್ನದ ಲೇಪವುಳ್ಳ ತಾಮ್ರದ ತಟ್ಟೆಯೊಂದಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು, ಸುಮಾರು ಒಂದೂವರೆ ಗಂಟೆಯ ಸಂಗೀತ, 55 ಭಾಷೆಗಳ ವಂದನೆಗಳು ಅಡಗಿವೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯವನ್ನು ಹೇಳುವ ಪುಟ್ಟ ವಾಕ್ಯವೊಂದು ಅಲ್ಲಿದೆ. ಕೇಸರಬಾಯಿ ಕೇರ್ಕರ್ ಅವರು ಭೈರವಿಯಲ್ಲಿ ಹಾಡಿದ ಹಾಡೂ ಅಲ್ಲಿದೆ. ನೌಕೆ ಹೊರಟ ಹನ್ನೊಂದನೆಯ ದಿನ, 1977ರ ಸೆಪ್ಟೆಂಬರ್ 16ರಂದು, ಆ ಗಾಯಕಿ ತೀರಿಕೊಂಡರು. ಕಂಠ ಮುಂದೆ ಸಾಗಿತು.

ನೌಕೆಯ ವಿದ್ಯುತ್ತು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿದೆ. ಅದು ಮುಗಿದ ಮೇಲೂ ಓಟ ನಿಲ್ಲದು. ಸುಮಾರು 40,000 ವರ್ಷಗಳ ಮೇಲೆ ಅದು ಗ್ಲೀಸ್ 445 ಎಂಬ ನಕ್ಷತ್ರದಿಂದ ಒಂದೂವರೆ ಜ್ಯೋತಿರ್ವರ್ಷಕ್ಕೂ ತುಸು ಹೆಚ್ಚಿನ ದೂರದಲ್ಲಿ ಹಾದುಹೋಗುವುದು. ಅಲ್ಲಿ ಯಾರಾದರೂ ಇದ್ದು, ಅದನ್ನು ಹಿಡಿದು, ತಟ್ಟೆಯನ್ನು ತಿರುಗಿಸಿ ಕೇಳಿದರೆ, ಆ ಹೊತ್ತಿಗೆ ಈ ನುಡಿಯನ್ನಾಡುವವರು ಭೂಮಿಯ ಮೇಲೆ ಉಳಿದಿರುವರೋ ಇಲ್ಲವೋ ಹೇಳುವವರಿಲ್ಲ. ಅವರ ಪಾಲಿಗೆ ಅನ್ಯಲೋಕದಿಂದ ಬಂದವರೆಂದರೆ ಆ ಒಂದು ವಾಕ್ಯವೇ. ಇಲ್ಲಿಗೆ ಎಂದಾದರೂ ಯಾರಾದರೂ ಬರುವುದಿದ್ದರೆ ಅವರ ಬರವೂ ಇದೇ ಬಗೆಯದಾಗಿರುವ ಸಂಭವವೇ ಹೆಚ್ಚು: ಮರುಮಾತನ್ನು ಬಯಸದೆ, ಕಳುಹಿಸಿದವರ ಕುಶಲವನ್ನು ಕೇಳಲು ದಾರಿಯಿಲ್ಲದಂತೆ, ಒಂದು ವಂದನೆ.