ಹಾಯಿಯಿಂದ ಇಳಿದ ಕುಡಿಯುವ ನೀರು

ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿ ಉದ್ದದ ಹಾಯಿದೋಣಿ ‘ಸುಹೈಲಿ’. 1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ ಒಬ್ಬರೇ ಇಂಗ್ಲೆಂಡಿನ ಫಾಲ್ಮತ್‌ನಿಂದ ಭೂಪ್ರದಕ್ಷಿಣೆಗೆ ಹೊರಟರು. ಅಡುಗೆ, ನಿದ್ದೆ, ನಕಾಶೆ ಎಲ್ಲವೂ ಪುಟ್ಟ ಕೋಣೆಯೊಂದರಲ್ಲಿ.

ಅಟ್ಲಾಂಟಿಕ್‌ನಲ್ಲಿ ಸ್ನಾನಕ್ಕೇನೂ ಬರವಿರಲಿಲ್ಲ. ದೋಣಿಯ ಮುಂತುದಿಯಿಂದ ಧುಮುಕಿ ಈಜುವುದು, ಹಿಂದೆ ಇಳಿಬಿಟ್ಟ ಹಗ್ಗ ಹಿಡಿದು ಮೇಲೇರುವುದು. ಹಗ್ಗ ಕೈತಪ್ಪಿದರೆ? ದೋಣಿ ಕಾಯುವುದಿಲ್ಲ!

ದಕ್ಷಿಣ ಸಾಗರದಲ್ಲಿ ಬಿರುಗಾಳಿಗೆ ದೋಣಿ ಮಗ್ಗುಲಾಗಿ ಬಿತ್ತು, ಮತ್ತೆ ಎದ್ದಿತು. ಆದರೆ ತೊಟ್ಟಿಯ ಕುಡಿಯುವ ನೀರು ಕೆಟ್ಟಿತ್ತು. ಸುತ್ತಲಿನ ನೀರನ್ನೇ ಕುಡಿಯೋಣವೆಂದರೆ ಲೀಟರಿಗೆ ಸುಮಾರು 35 ಗ್ರಾಂ ಲವಣ. ಅದನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ದೇಹ ಒಣಗುತ್ತದೆ. ಉಳಿದದ್ದು ಮಳೆ. ಹಾಯಿಯ ಮೇಲೆ ಬಿದ್ದು ಹರಿದ ನೀರನ್ನು ಅವರು ಹಿಡಿದಿಟ್ಟರು. ಹಾಯಿಗೂ ಉಪ್ಪು ಅಂಟಿರುತ್ತದೆ. ಮೊದಲ ಹನಿಗಳು ಅದನ್ನು ತೊಳೆದ ಮೇಲೆ ಬಂದದ್ದೇ ಸಿಹಿನೀರು, ನಮ್ಮ ಹೆಂಚಿನ ಮಾಡಿನ ನೀರಿನ ಹಾಗೆ.

ಎಲ್ಲಿಯೂ ಬಂದರು ಹಿಡಿಯದೆ 312 ದಿನ. 1969ರ ಏಪ್ರಿಲ್ 22ರಂದು ದಡ ಸೇರಿದಾಗ ಸುಂಕದ ಅಧಿಕಾರಿಗಳು ಪದ್ಧತಿಯಂತೆ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಫಾಲ್ಮತ್‌ನಿಂದ ಎಂದರು ನಾಕ್ಸ್-ಜಾನ್‌ಸ್ಟನ್. ಅಧಿಕಾರಿಗಳು ನಿಂತಿದ್ದುದೂ ಫಾಲ್ಮತ್‌ನಲ್ಲೇ.