ದೂರವೆಷ್ಟು? ಹೊತ್ತೆಷ್ಟು?

ತರಗತಿಯ ಗೋಡೆಯಲ್ಲಿ ತೂಗುವ ಲೋಕದ ಭೂಪಟ ಬಹಳ ಉಪಕಾರಿ. ಆದರೆ ದೂರದ ವಿಷಯದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಅದರ ಮೇಲೆ ಅಳತೆಪಟ್ಟಿಯಿಟ್ಟು ಬೆಂಗಳೂರಿನಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದರೆ, ಗೆರೆ ಸಾಗರಗಳನ್ನು ಅಡ್ಡಕ್ಕೆ ದಾಟುತ್ತದೆ. ಭೂಗೋಲದ ಮಾದರಿಯ ಮೇಲೆ ಅವೇ ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಹಿಡಿದು ನೋಡಿ. ನೂಲು ಹಿಮಾಲಯವನ್ನು ದಾಟಿ, ಸೈಬೀರಿಯದ ಮೇಲೇರಿ, ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಅದೇ ಅತಿ ಸಮೀಪದ ದಾರಿ. ಸುಮಾರು ೧೪,೦೦೦ ಕಿಲೋಮೀಟರ್.

ದೂರ ತಿಳಿದ ಮಾತ್ರಕ್ಕೆ ಹೊತ್ತು ತಿಳಿಯಿತೆ? ಗಂಟೆಗೆ ೯೦೦ ಕಿಲೋಮೀಟರ್ ವೇಗವೆಂದು ಭಾಗಿಸಿದರೆ ಸುಮಾರು ಹದಿನೈದೂವರೆ ಗಂಟೆ ಬರುತ್ತದೆ. ಆದರೆ ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬರಲು ಸುಮಾರು ೧೭ ಗಂಟೆ ಹಿಡಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ವೈಮಾನಿಕರು ಅದನ್ನು ಉತ್ತರ ಧ್ರುವದ ಮೇಲಿಂದ ನಡೆಸಿ ತಂದರು. ಆಕಾಶದಲ್ಲಿ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಅದು ಬೆನ್ನಿಗಿದ್ದರೆ ಪ್ರಯಾಣ ಬೇಗ, ಎದುರಾದರೆ ತಡ. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ವ್ಯತ್ಯಾಸವಾಗಲು ಇದೂ ಒಂದು ಕಾರಣ.

ಗಡಿಯಾರದ ಆಟ ಇನ್ನೂ ಸೋಜಿಗದ್ದು. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಆ ವಿಮಾನ ೯ರ ರಾತ್ರಿ ಹೊರಟು ಇಲ್ಲಿಗೆ ಮುಟ್ಟುವಾಗ ೧೧ರ ನಸುಕು. ಅದೇ ಇಲ್ಲಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದವನು ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ನಾಲ್ಕೂವರೆ!

ನನ್ನ ಅಣ್ಣ ಆ ಊರಿನವನಾಗಿ ಹಲವು ವರ್ಷಗಳಾದವು. ೨೦೨೩ರ ಫೆಬ್ರವರಿಯಲ್ಲಿ ತಂದೆಯವರು ತೀರಿಕೊಂಡಾಗ ಸೋದರಮಾವ ನನ್ನನ್ನು ಕರೆದು, "ದೊಡ್ಡವನು ಬರಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ಹೇಳು" ಎಂದರು. ಅಂದು ನೇರ ವಿಮಾನ ಇರಲಿಲ್ಲ. ನಡುವೆ ಇಳಿದು ವಿಮಾನ ಬದಲಿಸಬೇಕು. ಬೆಂಗಳೂರಿನಿಂದ ನಮ್ಮ ಕಾಸರಗೋಡಿಗೆ ಮತ್ತೆ ಸುಮಾರು ೪೦೦ ಕಿಲೋಮೀಟರ್ ರಸ್ತೆ, ಅದಕ್ಕೆ ಎಂಟೊಂಬತ್ತು ಗಂಟೆ. ಎಲ್ಲವನ್ನೂ ಕೂಡಿಸಿ, "ನಲವತ್ತು ಗಂಟೆಗೆ ಕಡಿಮೆಯಿಲ್ಲ ಮಾವ" ಎಂದೆ. ಮಾವ ಮಾತಾಡಲಿಲ್ಲ. ಒಳಗಿನಿಂದ ಅಮ್ಮನೇ, "ಅಷ್ಟು ಹೊತ್ತು ಅವರನ್ನು ಹೀಗೆ ಇಡುವುದು ಬೇಡ. ನೀನೇ ಮಾಡು ಮಗಾ" ಎಂದರು. ಹಿರಿಯ ಮಗನ ಕೆಲಸವನ್ನು ನಾನು ಮಾಡಿದೆ. ಮೂರನೆಯ ದಿನ ಬೆಳಗ್ಗೆ ಅಣ್ಣ ಬಂದು, ಚೀಲವನ್ನೂ ಇಳಿಸದೆ ತಂದೆಯವರ ಖಾಲಿ ಕುರ್ಚಿಯ ಎದುರು ಬಹಳ ಹೊತ್ತು ನಿಂತಿದ್ದ. ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದರೆ ಎಷ್ಟೆಂಬುದು ನನಗೆ ಅಂದು ಅರ್ಥವಾಯಿತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರ ತಂದೆ, ಅಣ್ಣಂದಿರು ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಮಂಗಳೂರಿನಿಂದ ದುಬೈಗೆ ಸುಮಾರು ೨,೫೦೦ ಕಿಲೋಮೀಟರ್. ಮೂರೂವರೆಯಿಂದ ನಾಲ್ಕು ಗಂಟೆಯ ಹಾರಾಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕುಳಿತಾಗ ಅವರಿಗೆ ಏಳೂವರೆ. ಕೆಲಸದಿಂದ ಆಗಷ್ಟೇ ಕೋಣೆಗೆ ಮರಳಿರಬಹುದು. ಆ ಹೊತ್ತಿಗೆ ಒಮ್ಮೆ ಫೋನು ಮಾಡಿ ಮಾತಾಡಿರಿ. ಗಣಿತದಲ್ಲಿ ಕಾಲ ಮತ್ತು ದೂರದ ಪಾಠ ಬಂದಾಗ ಬೇಸರಿಸದೆ ಕಲಿಯಿರಿ. ಮನೆಯ ಹಿರಿಯರು ಒಂದು ದಿನ ಆ ಲೆಕ್ಕವನ್ನು ನಿಮ್ಮಲ್ಲೇ ಕೇಳಿಯಾರು.